ಔಷಧಿ ಬಾಟಲಿಗೆ ಕನ್ನಡ ಚೀಟಿ, ಕಾರಿಗೆ ಮಾತ್ರ ಇಂಗ್ಲಿಷ್ ಪುಸ್ತಕ

ನಮ್ಮ ಚಿಕ್ಕಪ್ಪ ಕಳೆದ ವರ್ಷ ಅಡಿಕೆ ಮಾರಿದ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಗೊಂಡರು. ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಕಾರು. ಕೀ ಅಂದರೆ ಬೆಂಕಿಪೊಟ್ಟಣದ ಗಾತ್ರದ ಒಂದು ರಿಮೋಟು, ಅಷ್ಟೇ. ಜೇಬಲ್ಲಿ ಇಟ್ಟುಕೊಂಡು ಹೋದರೆ ಸಾಕು, ಬಾಗಿಲು ತೆರೆಯುತ್ತದೆ. ಊರಿನ ಹುಡುಗರೆಲ್ಲ ಒಂದು ವಾರ ಅದನ್ನೇ ನೋಡಿದರು.

ಈ ಸಲ ಏಪ್ರಿಲ್‌ನಲ್ಲಿ ಚಿಕ್ಕಮ್ಮ, ಅಜ್ಜಿಯನ್ನು ಕರೆದುಕೊಂಡು ಮನೆದೇವರಿಗೆ ಹೋದರು. ಪೂಜೆ ಮುಗಿಸಿ ಬಂದರೆ ಕಾರಿನ ಬಾಗಿಲು ತೆರೆಯುತ್ತಿಲ್ಲ. ರಿಮೋಟು ಒತ್ತಿದರು, ಒರೆಸಿದರು, ಕೈಗೆ ಬಡಿದು ನೋಡಿದರು. ಏನೂ ಇಲ್ಲ. ಅಜ್ಜಿಯ ಬಿಪಿ ಮಾತ್ರೆ, ನೀರಿನ ಬಾಟಲಿ ಎರಡೂ ಕಾರಿನೊಳಗೆ. ಮಟಮಟ ಮಧ್ಯಾಹ್ನ. ಪೇಟೆಯಿಂದ ಮೆಕ್ಯಾನಿಕ್ ಬರಲು ಎರಡು ಗಂಟೆ ಹಿಡಿಯಿತು.

ಅವನು ಮಾಡಿದ್ದು ಇಷ್ಟೇ. ರಿಮೋಟಿನ ಬದಿಯಲ್ಲಿದ್ದ ಸಣ್ಣ ಗುಂಡಿಯನ್ನು ಸರಿಸಿದ. ಒಳಗಿಂದ ಒಂದು ಕಬ್ಬಿಣದ ಕೀ ಹೊರಬಂತು. ಅದನ್ನು ಡ್ರೈವರ್ ಬಾಗಿಲಿನ ತೂತಿಗೆ ಹಾಕಿ ತಿರುಗಿಸಿದ. ಕಾರು ಕೂಗಿಕೊಂಡಿತು. ಬ್ರೇಕ್ ತುಳಿದು, ಸತ್ತ ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದ. ಕೂಗು ನಿಂತಿತು, ಎಂಜಿನ್ ಸ್ಟಾರ್ಟ್ ಆಯಿತು. ಐದು ನಿಮಿಷದ ಕೆಲಸ, ಹದಿನೆಂಟು ನೂರು ರೂಪಾಯಿ.

ಚಿಕ್ಕಪ್ಪ ಆಮೇಲೆ ನನ್ನ ಹತ್ತಿರ ಹೇಳಿದ್ದು: "ದುಡ್ಡು ಹೋಯ್ತು ಅಂತ ಬೇಜಾರಿಲ್ಲ ಮಗಾ. ಕೀ ನನ್ನ ಜೇಬಲ್ಲೇ ಇತ್ತಲ್ಲ."

ಈ ಲೇಖನ ಆ ಮಾತಿನ ಬಗ್ಗೆ. ಕೀ ನಮ್ಮ ಜೇಬಿನಲ್ಲಿದೆ, ಅದನ್ನು ಬಳಸುವುದು ಹೇಗೆಂದು ನಮಗೆ ಹೇಳಿಲ್ಲ. ಲಕ್ಷ ಲಕ್ಷ ಎಣಿಸಿಕೊಂಡವರಿಗೆ ಹೇಳುವ ಜವಾಬ್ದಾರಿ ಇಲ್ಲವೇ?

ಚಿಕ್ಕಪ್ಪನ ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ದಪ್ಪನೆಯ ಪುಸ್ತಕವೊಂದು ಸಿಕ್ಕಿತು. ಹಿಂದಿನ ಮಾಲೀಕರೂ ಅದನ್ನು ಬಿಚ್ಚಿರಲಿಲ್ಲ, ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. ಮೆಕ್ಯಾನಿಕ್ ಮಾಡಿದ್ದೆಲ್ಲ ಅದರಲ್ಲಿ ಚಿತ್ರಸಮೇತ ಇದೆ. ಆದರೆ ಇಂಗ್ಲಿಷಿನಲ್ಲಿದೆ. ಡಿಗ್ರಿ ಮುಗಿಸಿದ ನನಗೇ ಎರಡು ಸಲ ಓದಿದ ಮೇಲೆ ಅರ್ಥವಾಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಚಿಕ್ಕಪ್ಪನಿಗೆ ಆ ಪುಸ್ತಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈಗ ನಿಮ್ಮ ಮನೆಯ ಅಟ್ಟದ ಮೇಲಿರುವ ಔಷಧಿ ಬಾಟಲಿ ತೆಗೆದು ನೋಡಿ. ಗಿಡಕ್ಕೆ ಹೊಡೆಯುವ ಔಷಧಿ. ಜೊತೆಗೆ ಮಡಚಿದ ಒಂದು ಚೀಟಿ ಇರುತ್ತದೆ. ಎಷ್ಟು ನೀರಿಗೆ ಎಷ್ಟು ಹಾಕಬೇಕು, ಮೈಮೇಲೆ ಬಿದ್ದರೆ ಏನು ಮಾಡಬೇಕು, ಎಲ್ಲ ಅದರಲ್ಲಿರುತ್ತದೆ. ಅದು ಕಂಪನಿಯವರ ದೊಡ್ಡ ಮನಸ್ಸಲ್ಲ. 1971ರ ಕೀಟನಾಶಕ ನಿಯಮಗಳ ಪ್ರಕಾರ ಆ ಚೀಟಿ ಹಿಂದಿ, ಇಂಗ್ಲಿಷ್ ಜೊತೆಗೆ ಮಾರಾಟವಾಗುವ ಪ್ರದೇಶದ ಭಾಷೆಯಲ್ಲೂ ಇರಲೇಬೇಕು. ಓದಲು ಬಾರದವರಿಗೂ ತಿಳಿಯಲಿ ಎಂದು ಬಾಟಲಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಬೇರೆ. ಕಾರಣ ಸರಳ: ತಪ್ಪಾಗಿ ಬಳಸಿದರೆ ಜನ ಸಾಯುತ್ತಾರೆ.

ಕೆಲವು ನೂರು ರೂಪಾಯಿಯ ಬಾಟಲಿಗೆ ಐವತ್ತು ವರ್ಷದ ಹಿಂದೆಯೇ ಇದ್ದ ಬುದ್ಧಿ, ಎಂಟು ಲಕ್ಷದ ಕಾರಿಗೆ ಯಾಕೆ ಬಂದಿಲ್ಲ? ತಪ್ಪಾಗಿ ಬಳಸಿದರೆ ಕಾರಿನಲ್ಲಿ ಜನ ಸಾಯುವುದಿಲ್ಲವೇ?

ಸಾಯುತ್ತಾರೆ. ಓಡುವ ಕಾರಿನಲ್ಲಿ ಮಾತ್ರವಲ್ಲ, ನಿಂತ ಕಾರಿನಲ್ಲೂ ಸಾಯುತ್ತಾರೆ. 2025ರ ಮೇ ತಿಂಗಳ ಒಂದು ಭಾನುವಾರ ಆಂಧ್ರದ ವಿಜಯನಗರಂ ಬಳಿಯ ದ್ವಾರಪೂಡಿ ಎಂಬ ಊರಿನಲ್ಲಿ ಆಟವಾಡಲು ಹೋದ ನಾಲ್ಕು ಮಕ್ಕಳು ನಿಲ್ಲಿಸಿದ್ದ ಕಾರಿನೊಳಗೆ ಹತ್ತಿದರು. ಬಾಗಿಲು ಲಾಕ್ ಆಯಿತು. ಮನೆಯವರು ಊರೆಲ್ಲ ಹುಡುಕಿದರು. ಕಾರಿನಲ್ಲಿ ಸಿಕ್ಕಾಗ ನಾಲ್ಕೂ ಮಕ್ಕಳು ಉಸಿರು ನಿಲ್ಲಿಸಿದ್ದರು. ಅದು ನಮ್ಮಂಥದೇ ಊರು, ನಮ್ಮಂಥದೇ ಮಕ್ಕಳು.

ಬಿಸಿಲಲ್ಲಿ ನಿಂತ ಕಾರು ಒಲೆಯ ಮೇಲಿಟ್ಟ ಪಾತ್ರೆಯ ಹಾಗೆ. ಹೊರಗೆ 30 ಡಿಗ್ರಿ ಇದ್ದರೆ ಅರ್ಧ ಗಂಟೆಯಲ್ಲಿ ಒಳಗೆ 45 ಡಿಗ್ರಿ ದಾಟುತ್ತದೆ. ಗ್ಲಾಸನ್ನು ಬೆರಳಷ್ಟು ಇಳಿಸಿದರೂ ಹೆಚ್ಚು ವ್ಯತ್ಯಾಸವಾಗದು. ಮಕ್ಕಳ ಮೈ ದೊಡ್ಡವರಿಗಿಂತ ಮೂರು ಪಟ್ಟಿಗೂ ಬೇಗ ಕಾಯುತ್ತದೆ. ಇದನ್ನು ಕಾರು ಮಾರಿದವರು ಯಾರಾದರೂ ನಿಮಗೆ ಹೇಳಿದ್ದಾರೆಯೇ?

ಹಿಂಬಾಗಿಲು ತೆರೆದರೆ ಅದರ ಅಂಚಿನಲ್ಲಿ ಒಂದು ಸಣ್ಣ ಗುಂಡಿ ಕಾಣುತ್ತದೆ. ಅದು ಚೈಲ್ಡ್ ಲಾಕ್. ಅದನ್ನು ಹಾಕಿದ್ದರೆ ಹಿಂದೆ ಕೂತವರು ಒಳಗಿಂದ ಎಷ್ಟು ಎಳೆದರೂ ಬಾಗಿಲು ತೆರೆಯುವುದಿಲ್ಲ, ಹೊರಗಿಂದ ಮಾತ್ರ ತೆರೆಯುತ್ತದೆ. ಓಡುವಾಗ ಮಗು ಬೀಳದಿರಲಿ ಎಂದು ಮಾಡಿದ ಒಳ್ಳೆಯ ವ್ಯವಸ್ಥೆ ಅದು. ಆದರೆ ಅದು ಇದೆ ಎಂದೇ ಗೊತ್ತಿಲ್ಲದ ಮನೆಯಲ್ಲಿ ಅದೇ ಬೋನು. ಇನ್ನೊಂದು: ರಿಮೋಟಿನಲ್ಲಿ ಲಾಕ್ ತೆಗೆದು ಅರ್ಧ ನಿಮಿಷದೊಳಗೆ ಯಾವ ಬಾಗಿಲನ್ನೂ ತೆರೆಯದಿದ್ದರೆ ಹಲವು ಕಾರುಗಳು ತಾವೇ ಮತ್ತೆ ಲಾಕ್ ಆಗುತ್ತವೆ. ಇದು ಗೊತ್ತಿಲ್ಲದೆ "ನಮ್ಮ ಕಾರಿಗೆ ದೆವ್ವ ಹಿಡಿದಿದೆ" ಅಂದವರನ್ನು ನಾನು ಕಂಡಿದ್ದೇನೆ.

2019ರ ಜುಲೈ 1ರಿಂದ ಕೇಂದ್ರ ಸರ್ಕಾರ ಕಾರುಗಳಿಗೆ ಕೆಲವು ಸುರಕ್ಷತಾ ಸಾಧನಗಳನ್ನು ಕಡ್ಡಾಯ ಮಾಡಿತು. ಡ್ರೈವರ್‌ಗೆ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಕೂಗುವ ಗಂಟೆ, 80 ಕಿಲೋಮೀಟರ್ ವೇಗ ದಾಟಿದರೆ ಎಚ್ಚರಿಕೆ, ಹಿಂದಕ್ಕೆ ತೆಗೆಯುವಾಗ ಸೆನ್ಸರ್. ಅದೇ ಪಟ್ಟಿಯಲ್ಲಿ ಇನ್ನೊಂದಿತ್ತು: ಕರೆಂಟ್ ಕೈಕೊಟ್ಟರೂ ಸೆಂಟ್ರಲ್ ಲಾಕನ್ನು ಕೈಯಿಂದಲೇ ತೆಗೆಯುವ ವ್ಯವಸ್ಥೆ. ಸರ್ಕಾರ ಕಡ್ಡಾಯ ಮಾಡಿತು, ಕಂಪನಿ ಜೋಡಿಸಿತು. ಅದು ನಿಮ್ಮ ಕಾರಿನಲ್ಲಿ ಎಲ್ಲಿದೆ ಎಂದು ಯಾರು ತೋರಿಸಿದರು? ಯಾರೂ ಇಲ್ಲ. ಬೆಲ್ಟಿನ ಗಂಟೆಯ ಗತಿಯಂತೂ ಕೇಳಲೇಬೇಡಿ. ಅದು ಕೂಗಿದರೆ ಕಾರು ಕೆಟ್ಟಿದೆ ಎಂದುಕೊಂಡು ಅದರ ಬಾಯಿ ಮುಚ್ಚಿಸುವ ಕ್ಲಿಪ್ಪು ಕೊಳ್ಳುತ್ತೇವೆ.

ಇದು ಹಳ್ಳಿಯವರ ಅಜ್ಞಾನ ಎಂದು ಪೇಟೆಯವರು ನಗುವುದು ಬೇಡ. 2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಬಳಿ ಹೆದ್ದಾರಿ ಗಸ್ತು ಪೊಲೀಸ್ ಅಧಿಕಾರಿಯೊಬ್ಬರು, ರಿಪೇರಿಗೆ ಬಿಟ್ಟ ತಮ್ಮ ಕಾರಿನ ಬದಲಿಗೆ ಡೀಲರ್ ಕೊಟ್ಟ ಲೆಕ್ಸಸ್ ಕಾರಿನಲ್ಲಿ ಹೋಗುತ್ತಿದ್ದರು. ಬೇರೆ ಮಾಡೆಲ್ಲಿನ ಕಾಲುಚಾಪೆ ಆಕ್ಸಿಲರೇಟರ್‌ಗೆ ಸಿಕ್ಕಿಕೊಂಡು ವೇಗ ಏರುತ್ತಲೇ ಹೋಯಿತು. ಆ ಕಾರಿಗೂ ಬಟನ್ ಸ್ಟಾರ್ಟ್. ಓಡುವಾಗ ಎಂಜಿನ್ ನಿಲ್ಲಿಸಬೇಕಾದರೆ ಬಟನ್ ಅನ್ನು ಮೂರು ಸೆಕೆಂಡು ಒತ್ತಿ ಹಿಡಿಯಬೇಕಿತ್ತು. ಸುಮ್ಮನೆ ಒಮ್ಮೆ ಒತ್ತಿದರೆ ಸಾಲದು. ಆ ಮಾತು ಡ್ಯಾಶ್‌ಬೋರ್ಡಿನ ಮೇಲೆ ಎಲ್ಲೂ ಬರೆದಿರಲಿಲ್ಲ. ಅಧಿಕಾರಿ, ಅವರ ಹೆಂಡತಿ, ಮಗಳು, ಬಾಮೈದ ನಾಲ್ವರೂ ತೀರಿಕೊಂಡರು. ದಿನಾ ಹೆದ್ದಾರಿಯಲ್ಲಿ ಗಾಡಿ ಓಡಿಸುತ್ತಿದ್ದವರ ಗತಿಯೇ ಹೀಗಾದರೆ, ಕಾರು ಕೊಂಡು ಆರು ತಿಂಗಳಾದ ನಮ್ಮ ಚಿಕ್ಕಪ್ಪನ ಪಾಡೇನು?

ಕೆಲವರು ಹೇಳುತ್ತಾರೆ: "ಯೂಟ್ಯೂಬಿನಲ್ಲಿ ಎಲ್ಲ ಇದೆ, ನೋಡಿಕೊಳ್ಳಲಿ." ಯೂಟ್ಯೂಬಿನಲ್ಲಿ ಹುಡುಕಲು ಏನು ಹುಡುಕಬೇಕು ಎಂದು ಮೊದಲು ಗೊತ್ತಿರಬೇಕು. ರಿಮೋಟಿನೊಳಗೆ ಕೀ ಇದೆ ಎಂದೇ ತಿಳಿಯದವನು ಅದನ್ನು ತೆಗೆಯುವ ವಿಡಿಯೋ ಹೇಗೆ ಹುಡುಕುತ್ತಾನೆ? ಜೊತೆಗೆ ಮಾಡೆಲ್ಲಿನಿಂದ ಮಾಡೆಲ್ಲಿಗೆ ವ್ಯತ್ಯಾಸವಿದೆ. ಒಂದು ಕಾರಿನಲ್ಲಿ ರಿಮೋಟನ್ನು ಬಟನ್‌ಗೆ ತಾಗಿಸಬೇಕು, ಇನ್ನೊಂದರಲ್ಲಿ ಅದಕ್ಕೆ ಬೇರೆಯೇ ಜಾಗ. ಸರಿಯಾದ ಉತ್ತರ ಇರುವುದು ಆ ಪುಸ್ತಕದಲ್ಲೇ.

ಇನ್ನು ಕೆಲವರು: "ಕನ್ನಡದಲ್ಲಿ ಕೊಟ್ಟರೂ ಯಾರು ಓದುತ್ತಾರೆ?" ಓದುತ್ತಾರೋ ಬಿಡುತ್ತಾರೋ, ಕೊಡದೆ ಇರುವುದಕ್ಕೆ ಅದು ನೆಪವಲ್ಲ. ಔಷಧಿ ಚೀಟಿಯನ್ನೂ ಎಲ್ಲರೂ ಓದುವುದಿಲ್ಲ. ಆದರೆ ಮನೆಯಲ್ಲಿ ಮಗು ವಾಂತಿ ಮಾಡಿಕೊಂಡ ದಿನ ಆ ಚೀಟಿಯನ್ನೇ ಹುಡುಕುತ್ತೇವೆ.

ಕಾನೂನು ನಮ್ಮ ಕಡೆಗೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಸೆಕ್ಷನ್ ಪ್ರಕಾರ, ಅಪಾಯ ತಪ್ಪಿಸಲು ಬೇಕಾದಷ್ಟು ಬಳಕೆಯ ಸೂಚನೆ, ಎಚ್ಚರಿಕೆ ಕೊಡದಿದ್ದರೆ ಅದರಿಂದಾದ ಹಾನಿಗೆ ತಯಾರಕರು ಹೊಣೆಯಾಗಬೇಕಾಗುತ್ತದೆ. ಕೊಂಡವನಿಗೆ ಅರ್ಥವಾಗದ ಭಾಷೆಯ ಸೂಚನೆ ಸೂಚನೆಯೇ? ಇನ್ನು ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಇಲ್ಲಿ ತಯಾರಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. ಬಿಡದಿಯಲ್ಲಿ ಕಾರು ತಯಾರಿಸುವ ರಾಜ್ಯ ನಮ್ಮದು.

ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಬೇಕು ಎಂದು ಬೀದಿಗಿಳಿದೆವು, 2024ರಲ್ಲಿ ಅದಕ್ಕೆ ಕಾನೂನೂ ಆಯಿತು. ಒಳ್ಳೆಯದೇ. ಆದರೆ ಶೋರೂಮಿನ ತಲೆಯ ಮೇಲೆ ಕನ್ನಡ, ಅದು ಮಾರುವ ಕಾರಿನ ಹೊಟ್ಟೆಯಲ್ಲಿ ಇಂಗ್ಲಿಷ್ ಎಂದರೆ ಅದು ಬಣ್ಣ ಬಳಿಯುವ ಕೆಲಸ. ಬೋರ್ಡು ಓದದಿದ್ದರೆ ಯಾರ ಜೀವವೂ ಹೋಗುವುದಿಲ್ಲ.

ಬೈಗುಳದಲ್ಲಿ ನಮ್ಮ ಪಾಲೂ ಇದೆ. ಕಾರು ತರುವ ದಿನ ನಾವು ಮಾಡುವುದೇನು? ಪೂಜೆ, ನಿಂಬೆಹಣ್ಣು, ಹಾರ, ಫೋಟೋ, ಸ್ವೀಟು. ಶೋರೂಮಿನ ಹುಡುಗ ಐದು ನಿಮಿಷ ಏನೋ ಹೇಳುತ್ತಾನೆ, ನಾವು "ಗೊತ್ತು ಗೊತ್ತು" ಅನ್ನುತ್ತೇವೆ. ಕೇಳಿದರೆ ಮರ್ಯಾದೆ ಹೋಗುತ್ತದೆ ಎಂಬ ಬಿಗುಮಾನ. ಕೀ ಗಂಡಸರ ಜೇಬು ಬಿಟ್ಟು ಇಳಿಯುವುದಿಲ್ಲ. ಹಿಂದೆ ಕೂರುವ ಚಿಕ್ಕಮ್ಮನಿಗೆ, ಅಜ್ಜಿಗೆ ಬಾಗಿಲು ತೆರೆಯುವುದೂ ಗೊತ್ತಿರುವುದಿಲ್ಲ. ಓಡಿಸುವವನಿಗೆ ಎದೆನೋವು ಬಂದರೆ ಹ್ಯಾಂಡ್‌ಬ್ರೇಕ್ ಎಳೆಯುವುದು ಯಾರು?

ಹಾಗಾಗಿ ಹೊಸ ಕಾರು ಬುಕ್ ಮಾಡುವವರು ಎರಡು ಮಾತು ಬರವಣಿಗೆಯಲ್ಲೇ ಕೇಳಿ: ಕನ್ನಡದ ಪುಸ್ತಕ ಕೊಡಿ, ಮತ್ತು ಡೆಲಿವರಿ ದಿನ ಮನೆಯವರೆಲ್ಲರ ಎದುರು ಒಂದು ಗಂಟೆ ಕೂತು ತೋರಿಸಿ. ಇಲ್ಲ ಎಂದರೆ ಇಲ್ಲ ಎಂದು ಬರೆದುಕೊಡಲಿ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಲ್ಲಿಗೆ ದೂರು ಕೊಡಿ. ಒಬ್ಬರು ಕೇಳಿದರೆ ತಲೆಹರಟೆ ಅನ್ನುತ್ತಾರೆ, ತಾಲ್ಲೂಕಿಗೆ ಐವತ್ತು ಜನ ಕೇಳಿದರೆ ಪುಸ್ತಕ ಅಚ್ಚಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎರಡೂ ಕೀ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಈಗಿನ ಕೀಯೊಳಗೆ ಚಿಪ್ ಇರುತ್ತದೆ. ರಸ್ತೆಬದಿ ಕಡೆದುಕೊಟ್ಟ ಡುಪ್ಲಿಕೇಟ್ ಬಾಗಿಲು ತೆರೆದೀತು, ಚಿಪ್ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದು. ಕಾರು ಕಳುವಾದರೆ ವಿಮೆಯವರು ಕೇಳುವುದೂ ಎರಡೂ ಕೀ.

ಕಾರು ಈಗಾಗಲೇ ಮನೆಯ ಮುಂದೆ ನಿಂತಿದ್ದರೆ ಇವತ್ತು ಸಂಜೆಯೇ ಎಲ್ಲರನ್ನೂ ಕೂರಿಸಿಕೊಂಡು ನೋಡಿ. ರಿಮೋಟಿನೊಳಗಿನ ಕಬ್ಬಿಣದ ಕೀಯನ್ನು ಚಿಕ್ಕಮ್ಮನ ಕೈಯಲ್ಲೇ ತೆಗೆಸಿ. ಚೈಲ್ಡ್ ಲಾಕ್ ಎಲ್ಲಿದೆ ತೋರಿಸಿ. ಹಿಂದೆ ಸಿಕ್ಕಿಕೊಂಡರೆ ಮುಂದಿನ ಸೀಟಿಗೆ ದಾಟಿ, ಮುಂಬಾಗಿಲಿನ ಹಿಡಿಯನ್ನು ಎರಡು ಸಲ ಎಳೆಯುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಿ. ಹಲವು ಕಾರುಗಳಲ್ಲಿ ಕೀ ಇಲ್ಲದಿದ್ದರೂ ಹಾರ್ನ್ ಕೂಗುತ್ತದೆ, ನಿಮ್ಮದರಲ್ಲಿ ಕೂಗುತ್ತದೆಯೇ ಒತ್ತಿ ನೋಡಿ. ಯಾರಾದರೂ ಒಳಗೆ ಸಿಕ್ಕಿಕೊಂಡರೆ ಮೆಕ್ಯಾನಿಕ್‌ಗೆ ಕಾಯಬೇಡಿ. ಅವರಿಂದ ದೂರದ ಪಕ್ಕದ ಗ್ಲಾಸಿನ ಮೂಲೆಗೆ ಗಟ್ಟಿ ವಸ್ತುವಿನಿಂದ ಹೊಡೆದು ಒಡೆಯಿರಿ. ಮುಂದಿನ ದೊಡ್ಡ ಗ್ಲಾಸು ಸುಲಭಕ್ಕೆ ಒಡೆಯುವುದಿಲ್ಲ. ರಿಮೋಟಿನ ಸೆಲ್ ಬದಲಿಸಿದರೆ ಹಳೆಯದನ್ನು ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ. ನಾಣ್ಯದಂಥ ಆ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುತ್ತದೆ. ಕಾರು ನಿಲ್ಲಿಸಿದ ಮೇಲೆ ಅಂಗಳದಲ್ಲೇ ಆದರೂ ಲಾಕ್ ಮಾಡಿ, ರಿಮೋಟನ್ನು ಗೂಟಕ್ಕೆ ಎತ್ತರದಲ್ಲಿ ನೇತುಹಾಕಿ.

ಇಷ್ಟನ್ನು ಬರೆಯಲು ನನಗೆ ಒಂದು ಪ್ಯಾರಾ ಸಾಕಾಯಿತು. ಕೋಟಿ ಕೋಟಿ ಜಾಹೀರಾತಿಗೆ ಸುರಿದು, ಆ ಜಾಹೀರಾತನ್ನು ಮಾತ್ರ ಅಚ್ಚುಕಟ್ಟಾದ ಕನ್ನಡದಲ್ಲಿ ಟಿವಿಗೆ ಕೊಡುವವರಿಗೆ ಹದಿನಾರು ಪುಟದ ಕನ್ನಡ ಪುಸ್ತಕ ಭಾರವೇ? ಕೊಳ್ಳಿ ಎನ್ನಲು ಕನ್ನಡ ಬರುತ್ತದೆ, ಬದುಕಿ ಎನ್ನಲು ಬರುವುದಿಲ್ಲ.

ಚಿಕ್ಕಪ್ಪ ಈಗ ಬೇರೆ ಕೆಲಸ ಹಚ್ಚಿಕೊಂಡಿದ್ದಾರೆ. ಊರಿನಲ್ಲಿ ಯಾರೇ ಕಾರು ತಂದರೂ ಹೋಗಿ "ಎಲ್ಲಿ, ರಿಮೋಟು ಕೊಡಿ ಇಲ್ಲಿ" ಅನ್ನುತ್ತಾರೆ. ಗುಂಡಿ ಸರಿಸಿ ಕೀ ಹೊರಗೆ ತೆಗೆದು ತೋರಿಸುತ್ತಾರೆ. ಈ ತನಕ ನಾಲ್ಕು ಮನೆಗೆ ತೋರಿಸಿದ್ದಾರೆ. ನಾಲ್ಕರಲ್ಲಿ ಮೂವರಿಗೆ ಅದು ಅಲ್ಲಿದೆ ಎಂದೇ ಗೊತ್ತಿರಲಿಲ್ಲ.