ಹಾಲಿಗೆ ಫ್ಯಾಟ್ ಎಷ್ಟು ಅಂತ ಬರೀತಾರೆ, ಹೃದಯಕ್ಕೆ ಬರೀ ‘ನಾರ್ಮಲ್’

ಅಜ್ಜಂಪುರದ ಕಡೆ ಯಾವುದಾದರೂ ಹಳ್ಳಿಗೆ ಬೆಳಿಗ್ಗೆ ಹೋಗಿ ಹಾಲಿನ ಸೊಸೈಟಿ ಮುಂದೆ ನಿಂತು ನೋಡಿ. ನಾಲ್ಕು ಲೀಟರ್ ಹಾಲು ತಂದವಳಿಗೂ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಲೆಕ್ಕ ಸಿಗುತ್ತೆ. ನಿನ್ನೆ 4.1 ಇದ್ದದ್ದು ಇವತ್ತು 3.6 ಆದರೆ ಅಲ್ಲೇ ಜಗಳ. ಹಾಗೆ ಜಗಳ ಆಡುವವರಲ್ಲಿ ನಮ್ಮ ಚಿಕ್ಕಮ್ಮನೂ ಒಬ್ಬರು. ಅವರ ಎದೆಯೊಳಗೆ ಒಂದು ಲೋಹದ ವಾಲ್ವ್ ಇದೆ. ಎಂಟು ವರ್ಷ ಅವರ ಎಕೋ ರಿಪೋರ್ಟುಗಳಲ್ಲಿ ಆ ವಾಲ್ವ್ ಬಗ್ಗೆ ಇದ್ದದ್ದು ಒಂದೇ ಸಾಲು: ಮೈಟ್ರಲ್ ವಾಲ್ವ್ ಬದಲಿಸಲಾಗಿದೆ, ಕೆಲಸ ನಾರ್ಮಲ್.

ಎಷ್ಟು ನಾರ್ಮಲ್ ಸ್ವಾಮಿ? ಯಾವುದಕ್ಕೆ ಹೋಲಿಸಿದರೆ ನಾರ್ಮಲ್?

ಚಿಕ್ಕಮ್ಮನ ಕಾಯಿಲೆ ನಮ್ಮೂರುಗಳಲ್ಲಿ ಅಪರೂಪದ್ದೇನಲ್ಲ. ಚಿಕ್ಕವರಿದ್ದಾಗ ಗಂಟಲು ನೋವು, ಆಮೇಲೆ ಕೀಲು ನೋವು, ಜ್ವರ. ರುಮ್ಯಾಟಿಕ್ ಜ್ವರ ಅಂತ ಯಾರೂ ಹೇಳಲಿಲ್ಲ, ಮದುವೆಯಾಗಿ ಎರಡು ಹೆರಿಗೆಯಾದ ಮೇಲೆ ಗೊತ್ತಾಯ್ತು. 2014ರಲ್ಲಿ ಬೆಂಗಳೂರಿನಲ್ಲಿ ಆಪರೇಷನ್. ಚಿಕ್ಕಪ್ಪ ಸೊಸೈಟಿ ಮೆಂಬರ್ ಆಗಿದ್ದರಿಂದ ಯಶಸ್ವಿನಿ ಕಾರ್ಡ್ ಇತ್ತು, ಅದು ಇಲ್ಲದಿದ್ದರೆ ಜಮೀನು ಹೋಗ್ತಿತ್ತು. ಆಪರೇಷನ್ ಮಾಡಿದವರ ಮೇಲೆ ನನಗೆ ಕೋಪವಿಲ್ಲ. ಅವರಿಂದಲೇ ಚಿಕ್ಕಮ್ಮ ಇದ್ದಾರೆ. ನನ್ನ ಸಿಟ್ಟು ಅದರ ನಂತರದ ವರ್ಷಗಳ ಮೇಲೆ.

2022ರಲ್ಲಿ ಅವರಿಗೆ ಉಸಿರು ಕಟ್ಟೋಕೆ ಶುರುವಾಯ್ತು. ಎಕೋ ಮಾಡಿಸಿದ ಕಡೆ ಮೊದಲ ಸಲ ಒಂದು ಅಂಕಿ ಬರೆದರು: ಮೀನ್ ಗ್ರೇಡಿಯೆಂಟ್ 9. ಅಂದರೆ ವಾಲ್ವಿನ ಆಚೆ ಈಚೆ ಒತ್ತಡದ ಸರಾಸರಿ ವ್ಯತ್ಯಾಸ. ಡಾಪ್ಲರ್‌ನಲ್ಲಿ ರಕ್ತದ ವೇಗ ಅಳೆದು, ಆ ವೇಗದ ವರ್ಗಕ್ಕೆ ನಾಲ್ಕು ಪಟ್ಟು ಹಾಕಿ ಇದನ್ನು ತೆಗೀತಾರೆ. ಮೈಟ್ರಲ್ ಜಾಗದ ಕೃತಕ ವಾಲ್ವಿಗೆ 5ರವರೆಗೆ ಚಿಂತೆಯಿಲ್ಲ, 10 ದಾಟಿದರೆ ಅಡಚಣೆಯ ಅನುಮಾನ. 9 ಅಂದರೆ ಎಲ್ಲೂ ಅಲ್ಲದ ಜಾಗ. “ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಿರಬಹುದು, ಇನ್ನೊಂದು ಆಪರೇಷನ್ ಬೇಕಾಗಬಹುದು” ಅಂದರು. “ಮೊದಲು ಎಷ್ಟಿತ್ತು?” ಅಂತ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಫೈಲಿನ ತುಂಬ ನಾರ್ಮಲ್, ನಾರ್ಮಲ್, ನಾರ್ಮಲ್.

ನಾನು ಸರ್ವರ್ ಮಾನಿಟರಿಂಗ್ ಮಾಡಿ ಸಂಬಳ ತಗೊಳ್ಳೋನು. ಬೇಸ್‌ಲೈನ್ ಇಲ್ಲದ ಅಲರ್ಟಿಗೆ ನಮ್ಮ ಆಫೀಸಿನಲ್ಲಿ ಯಾರೂ ಕುರ್ಚಿಯಿಂದ ಏಳಲ್ಲ. ಚಿಕ್ಕಮ್ಮನ ಎದೆ ಮತ್ತೆ ಸೀಳಬೇಕೋ ಬೇಡವೋ ಅನ್ನೋದು ಅಂಥದೇ ಒಂದು ಅಲರ್ಟಿನ ಮೇಲೆ ನಿಂತಿತ್ತು.

ಬೆಂಗಳೂರಿಗೆ ಕರಕೊಂಡು ಬಂದೆವು. ಅಲ್ಲಿನ ಹುಡುಗಿಯೊಬ್ಬಳು ಮುಕ್ಕಾಲು ಗಂಟೆ ತಾಳ್ಮೆಯಿಂದ ಎಕೋ ಮಾಡಿದಳು. ಗ್ರೇಡಿಯೆಂಟ್ ಜತೆ ಪ್ರೆಶರ್ ಹಾಫ್ ಟೈಮ್ ಅಳೆದಳು: 110 ಮಿಲಿಸೆಕೆಂಡ್. 130ರ ಒಳಗಿದ್ದರೆ ರಕ್ತ ಸಲೀಸಾಗಿ ಇಳೀತಿದೆ ಅಂತ, 200 ದಾಟಿದರೆ ಭಯ. ಎದೆ ಬಡಿತ ನಿಮಿಷಕ್ಕೆ 104 ಅಂತಲೂ ಬರೆದಳು. ಬಡಿತ ಜೋರಾದರೆ ಗ್ರೇಡಿಯೆಂಟ್ ತಾನಾಗೇ ಏರುತ್ತೆ, ಹಾಗಾಗಿ ಬಡಿತ ಬರೆಯದ ಗ್ರೇಡಿಯೆಂಟಿಗೆ ಅರ್ಥವೇ ಇಲ್ಲ. ಆಮೇಲೆ ಫ್ಲೋರೋಸ್ಕೋಪಿ, ಅಂದರೆ ಎಕ್ಸ್‌ರೇ ವಿಡಿಯೋ ಅಂತಿಟ್ಟುಕೊಳ್ಳಿ. ವಾಲ್ವಿನ ಎರಡೂ ರೆಕ್ಕೆ ಚೆನ್ನಾಗಿ ತೆರೆದು ಮುಚ್ಚುತ್ತಿದ್ದವು. ಹಿಮೋಗ್ಲೋಬಿನ್ ನೋಡಿದರೆ 7.2.

ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋ ಹೆಂಗಸಿಗೆ ಮುಟ್ಟಿನಲ್ಲಿ ಎಷ್ಟು ರಕ್ತ ಹೋಗುತ್ತೆ ಅಂತ ಎಂಟು ವರ್ಷ ಯಾರೂ ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ. “ಅದನ್ನೆಲ್ಲ ಡಾಕ್ಟರ್ ಹತ್ರ ಹೆಂಗಪ್ಪ ಹೇಳೋದು, ನಿಮ್ ಚಿಕ್ಕಪ್ಪ ಬೇರೆ ಪಕ್ಕದಲ್ಲೇ ನಿಂತಿರ್ತಾರೆ” ಅಂದರು. ರಕ್ತ ಕಮ್ಮಿ, ಹೃದಯಕ್ಕೆ ಓಟ ಜಾಸ್ತಿ, ಅದಕ್ಕೇ 9. ವಾಲ್ವ್ ನೆಟ್ಟಗಿತ್ತು.

ಇದರ ಉಲ್ಟಾ ಕತೆ ಇನ್ನೂ ಭಯಂಕರ. ಲೋಹದ ವಾಲ್ವ್ ಅಲ್ಟ್ರಾಸೌಂಡನ್ನು ತಡೆದು ಹಿಂದೆ ಕಪ್ಪು ನೆರಳು ಬೀಳಿಸುತ್ತೆ. ಎದೆಯ ಮೇಲಿಂದ ನೋಡಿದರೆ ಮೈಟ್ರಲ್ ವಾಲ್ವಿನ ಸೋರಿಕೆ ಅದೇ ನೆರಳಿನಲ್ಲಿ ಅಡಗಿ ಕೂತಿರಬಹುದು. ಅನುಮಾನ ಬಂದರೆ ಅನ್ನನಾಳದೊಳಗೆ ಪ್ರೋಬ್ ಇಳಿಸಿ ಹಿಂದಿನಿಂದ ನೋಡಬೇಕು. ‘ಕಾಣಲಿಲ್ಲ’ ಅನ್ನೋದನ್ನು ‘ನಾರ್ಮಲ್’ ಅಂತ ಬರೆದರೆ ಅದು ರಿಪೋರ್ಟ್ ಅಲ್ಲ, ಹಾರೈಕೆ.

ಡಾಕ್ಟರುಗಳಿಗೆ ಟೈಮಿಲ್ಲ, ಹೊರಗೆ ಅರವತ್ತು ಜನ ಕೂತಿರ್ತಾರೆ ಅಂತೀರಾ? ಒಪ್ಪಿದೆ. ಆದರೆ ಮೆಷೀನು ಹೇಗೂ ಅಳೆಯುತ್ತೆ. ವಾಲ್ವಿನ ಹೆಸರು, ಸೈಜು, ಗ್ರೇಡಿಯೆಂಟ್, ಬಡಿತ ಬರೆಯೋಕೆ ಎರಡು ಸಾಲು ಸಾಕು. ಹೆಸರು ಯಾಕೆ ಅಂದರೆ ಎಲ್ಲ ವಾಲ್ವೂ ಒಂದೇ ಅಲ್ಲ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ತಯಾರಾಗಿ 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದ ನಮ್ಮ ದೇಶದ ಚಿತ್ರಾ ವಾಲ್ವಿಗೆ ಓರೆಯಾಗಿ ತೆರೆಯುವ ಒಂದೇ ಬಿಲ್ಲೆ. ಚಿಕ್ಕಮ್ಮನದಕ್ಕೆ ಎರಡು ರೆಕ್ಕೆ. ಒಂದಕ್ಕೆ ಸಹಜವಾದ ಅಂಕಿ, ಅದರಲ್ಲೂ ಸಣ್ಣ ಸೈಜಿನಲ್ಲಿ, ಇನ್ನೊಂದಕ್ಕೆ ಸಹಜ ಅಲ್ಲದಿರಬಹುದು. ಅದಕ್ಕೇ ಆಪರೇಷನ್ ಆಗಿ ಆರು ವಾರದಿಂದ ಮೂರು ತಿಂಗಳೊಳಗೆ ಒಂದು ಬೇಸ್‌ಲೈನ್ ಎಕೋ ಮಾಡಬೇಕು ಅನ್ನೋದು. ಆ ರಿಪೋರ್ಟ್ ಆಸ್ಪತ್ರೆಯ ಕಂಪ್ಯೂಟರಿನಲ್ಲಿದ್ದರೆ ಸಾಲದು, ರೋಗಿಯ ಕೈಗೆ ಬರಬೇಕು.

“ಹಳ್ಳಿಯವರಿಗೆ ಈ ಅಂಕಿಯೆಲ್ಲ ಎಲ್ಲಿ ಅರ್ಥ ಆಗುತ್ತೆ” ಅನ್ನೋರಿಗೆ ಮೊದಲೇ ಹೇಳಿದೆ, ಹಾಲಿನ ಸೊಸೈಟಿಗೆ ಹೋಗಿ. ಅಥವಾ ಈರುಳ್ಳಿ ಮಾರೋ ದಿನ ಚಿಕ್ಕಪ್ಪನ ಹತ್ತಿರ ಮಾತಾಡಿ.

ನಮ್ಮ ಕಡೆ ಈ ಕಾಗದ ಇನ್ನೂ ಮುಖ್ಯ. ಬೀರೂರಿನಲ್ಲಿ ರೈಲು ಹಳಿ ಕವಲಾಗುತ್ತೆ, ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ. ರೋಗಿಗಳೂ ಹಾಗೇ. ಕಡೂರಿನವರು ಈ ಸಲ ಚಿಕ್ಕಮಗಳೂರು, ಮುಂದಿನ ಸಲ ಹಾಸನ, ತರೀಕೆರೆಯವರು ಶಿವಮೊಗ್ಗ, ಅಜ್ಜಂಪುರದವರು ನೆಂಟರಿದ್ದರೆ ದಾವಣಗೆರೆ. ಪ್ರತಿ ಸಲ ಬೇರೆ ಮೆಷೀನು, ಬೇರೆ ಕಣ್ಣು. ಇವೆಲ್ಲವನ್ನೂ ಜೋಡಿಸೋದು ಪ್ಲಾಸ್ಟಿಕ್ ಕವರಿನಲ್ಲಿರೋ ಆ ಫೈಲೊಂದೇ.

ಸರ್ಕಾರಕ್ಕೆ ಮಾಡೋಕೆ ಬರಲ್ಲ ಅಂತಲೂ ಹೇಳೋ ಹಾಗಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡ್ತಾರೆ, ಹೃದಯಾಘಾತ ಅಂತಾದರೆ ದುಬಾರಿ ಇಂಜೆಕ್ಷನ್ ಉಚಿತ. ಒಳ್ಳೆ ಕೆಲಸ. ಆದರೆ ವಾಲ್ವ್ ಸಿಕ್ಕಿಹಾಕಿಕೊಂಡಿದೆಯಾ ಅಂತ ಇಸಿಜಿ ಹೇಳಲ್ಲ. ವಾರಕ್ಕೊಂದು ದಿನ ಕಡೂರು, ತರೀಕೆರೆಯಲ್ಲಿ ಎಕೋ ಕಲಿತವರೊಬ್ಬರು ಕೂತು, ಅದೇ ದಾರಿಯಲ್ಲಿ ಆ ಕ್ಲಿಪ್ಪುಗಳನ್ನೂ ಕಳಿಸೋಕೆ ಏನಡ್ಡಿ? ಇಸಿಜಿಗೆ ಒಂದು ಹೆಸರಿದೆ, ಉದ್ಘಾಟನೆಯಿದೆ. ಆಪರೇಷನ್ನಿಗೂ ಇದೆ. ಹತ್ತನೇ ವರ್ಷದ ಎಕೋಗೆ ಯಾರು ಟೇಪು ಕತ್ತರಿಸ್ತಾರೆ!

ಈ ವಾರ ಊರಿಗೆ ಫೋನ್ ಮಾಡಿದಾಗ, ವಾಲ್ವ್ ಹಾಕಿಸಿಕೊಂಡವರು ನಿಮ್ಮ ಮನೆಯಲ್ಲೂ ಇದ್ದರೆ, “ಮಾತ್ರೆ ತಗೊಂಡ್ರಾ” ಅಂತ ಕೇಳಿ ಇಡಬೇಡಿ. ಫೈಲಿನ ಫೋಟೋ ತರಿಸಿಕೊಂಡು ಅಂಕಿ ಹುಡುಕಿ. ಸಿಗದಿದ್ದರೆ ಆಪರೇಷನ್ ಆದ ಆಸ್ಪತ್ರೆಗೆ ಬರೆದು ಬೇಸ್‌ಲೈನ್ ಕೇಳಿ.

ಚಿಕ್ಕಮ್ಮ ಈಗ ಹಳೇ ಡೈರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೀಟು ಹಾಕಿ ಎಕೋ ಲೆಕ್ಕ ಇಟ್ಟಿದ್ದಾರೆ. ಹೋದ ತಿಂಗಳಿನ ಸಾಲು: ಗ್ರೇಡಿಯೆಂಟ್ 5, ಬಡಿತ 76, ರಕ್ತ 11.4. ಬಡಿತ ಬರೆಯೋದನ್ನು ಅಲ್ಲಿನವರು ಮರೆತಿದ್ದರಂತೆ. ಇವರು ಬಾಗಿಲಲ್ಲೇ ನಿಂತು ಬರೆಸಿಕೊಂಡು ಬಂದಿದ್ದಾರೆ.