ಕನ್ನಡ ಪಾಲಕರೇ, ಶಾಲಾ ಸಮಿತಿಯ ಸ್ಥಾನವನ್ನು ಬಿಟ್ಟುಕೊಡಬೇಡಿರಿ



1956ನೆಯ ಇಸವಿಯ ನವೆಂಬರ 1ರಂದು ಕನ್ನಡ ನಾಡಿನ ಬಹುಭಾಗವು ಒಂದಾಯಿತು. ಮಿರಜ ತಾಲೂಕಿನ ಮೂಡಲ ಹಳ್ಳಿಗಳು, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಇವುಗಳ ಕನ್ನಡಿಗರಾದ ನಾವು ಗೆರೆಯ ಆಚೆಗೆ ಉಳಿದೆವು. 1967ರಲ್ಲಿ ಮಹಾಜನ ಆಯೋಗವು ತನ್ನ ವರದಿಯನ್ನು ಕೊಟ್ಟಿತು. ಅದು ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸರಕಾರವು ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಗಡಿ ದಾವೆ ಇಂದಿಗೂ ಇತ್ಯರ್ಥವಾಗಿಲ್ಲ. ಆ ವರ್ಷ ಒಂದನೆಯ ಇಯತ್ತೆಯಲ್ಲಿ ಅಕ್ಷರ ತಿದ್ದಿದ ಮಗು ಈಗ ತನ್ನ ಮಗುವನ್ನು ಶಾಲೆಗೆ ಕಳಿಸುವ ವಯಸ್ಸಿಗೆ ಬಂದಿದೆ. ನ್ಯಾಯಾಲಯದ ತಾರೀಖು ಮುಂದೆ ಹೋಗಬಹುದು. ಮಗುವಿನ ವಯಸ್ಸು ಯಾರಿಗಾಗಿಯೂ ನಿಲ್ಲುವುದಿಲ್ಲ.

ಆದುದರಿಂದ ನಾವು ಇಂದು ಗಡಿಯ ಮಾತಿಗಿಂತ ಮೊದಲು ಶಾಲೆಯ ಮಾತನ್ನು ಎತ್ತುತ್ತೇವೆ. ಸಲಗರೆಯಂಥ ಊರು ಯಾವ ರಾಜ್ಯಕ್ಕೆ ಸೇರಬೇಕೆಂಬುದು ದಿಲ್ಲಿಯಲ್ಲಿ ನಿರ್ಣಯವಾಗತಕ್ಕದ್ದು. ಆದರೆ ನಮ್ಮ ಕನ್ನಡ ಶಾಲೆ ಬಾಳಬೇಕೋ ಮುಚ್ಚಬೇಕೋ ಎಂಬುದು ಬಹುಮಟ್ಟಿಗೆ ನಮ್ಮ ಊರಿನ ಪಾಲಕರ ಸಭೆಯಲ್ಲಿಯೇ ನಿರ್ಣಯವಾಗುತ್ತದೆ. ಆ ಸಭೆಗೆ ನಾವು ಹೋಗುತ್ತಿಲ್ಲ. ಇದೇ ನಮ್ಮ ತಕರಾರು.

ಹಿಂದೆ ಪ್ರಾಥಮಿಕ ಶಾಲೆಗಳನ್ನು ಜಿಲ್ಲಾ ಸ್ಕೂಲ್ ಬೋರ್ಡು ನಡೆಸುತ್ತಿತ್ತು. 1947ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯದೆಯ ಆ ಬೋರ್ಡಿನ ಸದಸ್ಯರನ್ನು ಹಳ್ಳಿಯ ತಂದೆತಾಯಿಗಳು ನೇರವಾಗಿ ಆರಿಸುತ್ತಿರಲಿಲ್ಲ. 1962ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. ಶಾಲೆಗಳ ಆಡಳಿತ ಅವುಗಳ ಕೈಗೆ ಹೋಯಿತು. “ನಮ್ಮ ಕೈಯಲ್ಲಿ ಏನಿದೆ?” ಎಂದು ಅಂದಿನ ಹಿರಿಯರು ಕೇಳಿದ್ದರೆ ಅದರಲ್ಲಿ ಅರ್ಥವಿತ್ತು. ಇಂದು ಹಾಗೆ ಕೇಳುವಂತಿಲ್ಲ.

2009ರ ಶಿಕ್ಷಣ ಹಕ್ಕು ಕಾಯದೆಯು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 21ನೆಯ ಕಲಮಿನಂತೆ ಪ್ರತಿಯೊಂದು ಸರಕಾರಿ ಶಾಲೆಗೂ ಒಂದು ವ್ಯವಸ್ಥಾಪನ ಸಮಿತಿ ಇರಲೇಬೇಕು. ಅದರ ಸದಸ್ಯರಲ್ಲಿ ಮುಕ್ಕಾಲು ಪಾಲಿಗೆ ಕಡಿಮೆಯಾಗದಂತೆ ಪಾಲಕರಿರಬೇಕು. ಸಮಿತಿಯ ಅರ್ಧದಷ್ಟು ಸ್ಥಾನಗಳು ಹೆಣ್ಣುಮಕ್ಕಳಿಗೆ ಸಲ್ಲಬೇಕು. ಅಧ್ಯಕ್ಷರು ಪಾಲಕರಲ್ಲಿಯೇ ಒಬ್ಬರು. ಮುಖ್ಯಾಧ್ಯಾಪಕರು ಕಾರ್ಯದರ್ಶಿ ಮಾತ್ರ. ಎರಡು ವರ್ಷಕ್ಕೊಮ್ಮೆ ಹೊಸ ಸಮಿತಿ, ತಿಂಗಳಿಗೊಮ್ಮೆ ಸಭೆ. ಶಾಲೆಯ ಕೆಲಸ ನೋಡುವುದು, ಅನುದಾನದ ಹಣ ಎಲ್ಲಿ ಹೋಯಿತೆಂದು ಕೇಳುವುದು, ಶಾಲಾ ವಿಕಾಸ ಯೋಜನೆಯನ್ನು ಸಿದ್ಧಪಡಿಸುವುದು ಅದರ ಕರ್ತವ್ಯ. ಸರಕಾರವಾಗಲಿ ಜಿಲ್ಲಾ ಪರಿಷತ್ತಾಗಲಿ ಮಾಡುವ ಯೋಜನೆಗೂ ಕೊಡುವ ಅನುದಾನಕ್ಕೂ ಈ ವಿಕಾಸ ಯೋಜನೆಯೇ ಆಧಾರವಾಗತಕ್ಕದ್ದೆಂದು 22ನೆಯ ಕಲಮು ಹೇಳುತ್ತದೆ. ಇಷ್ಟು ಅಧಿಕಾರವನ್ನು ಕಾಯದೆ ಒಕ್ಕಲಿಗನ, ಕೂಲಿಯವನ, ಅವರ ಮನೆಯ ಹೆಣ್ಣುಮಗಳ ಕೈಗೆ ಕೊಟ್ಟಿದೆ.

ನಾವು ಅದನ್ನು ಮಾಡಿದ್ದೇನು? ಸಕ್ಕರೆ ಕಾರಖಾನೆಯ ಚುನಾವಣೆ ಬಂದರೆ ಊರೂರಿಗೆ ಜೀಪು ತಿರುಗುತ್ತವೆ. ಹಾಸಿಗೆ ಹಿಡಿದ ಮುದುಕನನ್ನೂ ಹೊತ್ತು ತಂದು ಮತ ಹಾಕಿಸುತ್ತೇವೆ. ಸೊಸಾಯಿಟಿಯ ಚುನಾವಣೆಗೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಶಾಲಾ ಸಮಿತಿಯ ದಿನ ಮಾತ್ರ ಪಾಲಕರು ದ್ರಾಕ್ಷಿ ತೋಟದಲ್ಲಿ, ಇಲ್ಲವೆ ಸಂತೆಯಲ್ಲಿ. ಬಂದ ಏಳೆಂಟು ಜನರ ಮುಂದೆ ಮುಖಂಡರೊಬ್ಬರು ಹೆಸರು ಓದುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ, ಚಹ ಆರುವುದರೊಳಗೆ “ಅವಿರೋಧ ಆಯ್ಕೆ”ಯ ಠರಾವು ಮುಗಿದಿರುತ್ತದೆ. ತಾಯಂದಿರ ಸಹಿಗಾಗಿ ಪುಸ್ತಕ ಮನೆಗೆ ಹೋಗುತ್ತದೆ. ಎಲ್ಲ ಊರುಗಳಲ್ಲಿಯೂ ಹೀಗೆಂದು ನಾವು ಹೇಳುವುದಿಲ್ಲ. ಆದರೆ ಇದನ್ನು ಓದಿ ತಮ್ಮ ಊರು ನೆನಪಾಗದವರು ವಿರಳ. ಮುಖ್ಯಾಧ್ಯಾಪಕರ ಕುರ್ಚಿಯಲ್ಲಿ ಕುಳಿತೇ ನಾವು ಈ ಮಾತನ್ನು ಬರೆಯುತ್ತಿದ್ದೇವೆ: ಕೇಳುವ ಸಮಿತಿಯಿಲ್ಲದ ಶಾಲೆಯಲ್ಲಿ ಮಾಸ್ತರನ ಅರ್ಜಿಗೆ ಬಲವಿಲ್ಲ. ಅವನು ನೌಕರ, ಅವನ ಕಾಗದ ಮೇಜಿನಿಂದ ಮೇಜಿಗೆ ಹೋಗಿ ಮಲಗುತ್ತದೆ. ಪಾಲಕರ ಠರಾವು ಬಂದರೆ ಉತ್ತರ ಕೊಡಬೇಕಾಗುತ್ತದೆ.

“ಸಮಿತಿಗೆ ಶಿಕ್ಷಕರನ್ನು ನೇಮಿಸುವ ಅಧಿಕಾರವೇ ಇಲ್ಲವಲ್ಲ?” ಎಂದು ಕೆಲವರು ಕೇಳುತ್ತಾರೆ. ನಿಜ, ಇಲ್ಲ. ಆದರೆ ಎಷ್ಟು ಮಕ್ಕಳಿದ್ದಾರೆ, ಎಷ್ಟು ಶಿಕ್ಷಕರು ಬೇಕು, ಅವರು ಯಾವ ಮಾಧ್ಯಮದವರಾಗಿರಬೇಕು ಎಂದು ಬರೆದು ಕೇಳುವ ಅಧಿಕಾರವಿದೆ. ಒಂದರಿಂದ ಐದನೆಯ ಇಯತ್ತೆಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ರ ತನಕ ಮೂವರು ಎಂದು ಕಾಯದೆಯ ಪರಿಶಿಷ್ಟವೇ ಹೇಳುತ್ತದೆ. ಒಂದು ಮಗುವಿನ ಹೆಸರು ಪಟದಲ್ಲಿ ಉಳಿದರೆ ಒಬ್ಬ ಶಿಕ್ಷಕ ಉಳಿಯಬಹುದು, ಹೋದರೆ ಹೋಗಬಹುದು. ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಶಿಕ್ಷಕರನ್ನು ಕೊಟ್ಟ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತು. ಕನ್ನಡ ಬಾರದ ಗುರುಗಳು, ಮರಾಠಿ ಇನ್ನೂ ಬಾರದ ಒಂದನೆಯ ಇಯತ್ತೆಯ ಮಕ್ಕಳು! ಆ ಗುರುಗಳ ತಪ್ಪು ಇದರಲ್ಲಿಲ್ಲ. ಅವರೂ ಆಜ್ಞೆಯಂತೆ ಬಂದವರು. ಇಂಥ ಆಜ್ಞೆಯನ್ನು ಮೊದಲ ವಾರದಲ್ಲಿಯೇ ಠರಾವು ಮಾಡಿ ಪ್ರಶ್ನಿಸಬೇಕಾದುದು ಶಾಲಾ ಸಮಿತಿ.

ಇದು ಭಿಕ್ಷೆಯಲ್ಲ. ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ತಾಯ್ನುಡಿಯಲ್ಲಿ ಕಲಿಸುವ ವ್ಯವಸ್ಥೆಯಾಗಬೇಕೆಂದು ಪ್ರಾಂತಗಳ ಶಿಕ್ಷಣ ಮಂತ್ರಿಗಳ ಪರಿಷತ್ತು 1949ರಲ್ಲಿಯೇ ಒಪ್ಪಿತ್ತು. 1956ರ ಏಳನೆಯ ತಿದ್ದುಪಡಿಯಿಂದ ಬಂದ ಸಂವಿಧಾನದ 350ಎ ಕಲಮು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲತೆ ಒದಗಿಸಬೇಕೆಂದು ಹೇಳುತ್ತದೆ. ಬೆಳಗಾವಿ, ಖಾನಾಪುರಗಳ ಮರಾಠಿ ಮಗುವಿಗೆ ಯಾವ ನ್ಯಾಯವೋ ಸಲಗರೆಯ ಕನ್ನಡ ಮಗುವಿಗೂ ಅದೇ ನ್ಯಾಯ. ಅಲ್ಲಿ ಒಂದು, ಇಲ್ಲಿ ಇನ್ನೊಂದು ಎನ್ನುವವರ ಮಾತನ್ನು ನಾವು ಒಪ್ಪಲಾರೆವು.

ಮರಾಠಿಯೊಡನೆ ನಮಗೆ ಜಗಳವಿಲ್ಲ. ಮಿರಜೆಯ ಪೇಟೆಯಲ್ಲಿ, ಸಾಂಗಲಿಯ ಕಚೇರಿಯಲ್ಲಿ ನಮ್ಮ ವ್ಯವಹಾರವೆಲ್ಲ ಆ ನುಡಿಯಲ್ಲಿಯೇ ನಡೆಯುತ್ತದೆ. 2020ರ ಕಾಯದೆಯಂತೆ ಅದನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯಲೇಬೇಕು, ಚೆನ್ನಾಗಿ ಕಲಿಯಲಿ. ಆದರೆ ಕೂಡುವ ಕಳೆಯುವ ಲೆಕ್ಕವನ್ನು ತಿಳಿಯದ ನುಡಿಯಲ್ಲಿ ಕಲಿತ ಮಗು ಲೆಕ್ಕವನ್ನೂ ಕಲಿಯದು, ನುಡಿಯನ್ನೂ ಕಲಿಯದು. “ಕನ್ನಡ ಕಲಿತರೆ ಇಲ್ಲಿ ಅನ್ನವೆಲ್ಲಿ?” ಎನ್ನುವವರು ಕೇಳಬೇಕು: 1967ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರದ ಬಾಲಭಾರತಿಯೇ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚುಹಾಕುತ್ತದೆ. ಪುಸ್ತಕವಿದೆ, ಕಾಯದೆಯಿದೆ; ಕೇಳುವ ಪಾಲಕರಿಲ್ಲ.

ಇನ್ನು ಕೆಲವರು ಪ್ರತಿ ನವೆಂಬರ 1ರಂದು ಕೆಂಪು ಹಳದಿ ಬಾವುಟದ ಕೆಳಗೆ ನಿಂತು ಕನ್ನಡದ ಮೇಲೆ ಗಂಟೆಗಟ್ಟಲೆ ಭಾಷಣ ಮಾಡುತ್ತಾರೆ. ಅವರ ಮಕ್ಕಳು ಇಂಗ್ಲಿಷ್ ಶಾಲೆಯ ಬಸ್ಸಿಗೆ ಕಾಯುತ್ತಿರುತ್ತಾರೆ. ಸಮಿತಿಯ ಕಾನೂನು ಇವರನ್ನು ಚೆನ್ನಾಗಿ ಬಲ್ಲದು: ಆ ಶಾಲೆಯಲ್ಲಿ ಮಗುವಿದ್ದವನೇ ಅಲ್ಲಿ ಪಾಲಕ. ಅವರ ಭಾಷಣಕ್ಕೆ ಚಪ್ಪಾಳೆ ತಟ್ಟಿರಿ. ಪಾಲಕರ ಕುರ್ಚಿಯನ್ನು ಕೊಡಬೇಡಿರಿ. “ಏಕೀಕರಣವಾದರೆ ಎಲ್ಲವೂ ಸರಿಹೋಗುತ್ತದೆ” ಎನ್ನುವವರಿಗೂ ಒಂದು ಪ್ರಶ್ನೆ: ನಾಳೆ ಗೆರೆ ಸರಿದಾಗ ನಮ್ಮ ಊರಿನಲ್ಲಿ ಕನ್ನಡ ಓದಬಲ್ಲ ಒಂದು ಮಗುವೂ ಉಳಿದಿರದಿದ್ದರೆ, ಒಂದಾಗುವುದು ಏನು? ಬರಿಯ ಹೊಲವೇ?

ಆದ್ದರಿಂದ ಪಾಲಕರೇ, ಇಷ್ಟನ್ನು ಮಾಡಿರಿ. ಸಭೆಯ ನೋಟೀಸು ಎಂಟು ದಿನ ಮೊದಲೇ ಚಾವಡಿಯಲ್ಲಿ, ಗುಡಿಯಲ್ಲಿ, ಹಾಲಿನ ಡೇರಿಯಲ್ಲಿ ಅಂಟಿಸಬೇಕೆಂದು ಕೇಳಿರಿ. ಸಭೆ ಕೆಲಸದ ಹೊತ್ತಿನಲ್ಲಿ ಬೇಡ, ಕೂಲಿ ತಪ್ಪದಂತೆ ಸಂಜೆಗೆ ಇಡಿರೆಂದು ಹೇಳಿರಿ. ಒಂದು ಸ್ಥಾನಕ್ಕೆ ಇಬ್ಬರು ನಿಂತರೆ ಕೈಯೆತ್ತಿಸಿ ಎಣಿಸಿರಿ. ಮತ ಎಣಿಸಿದ ಮಾತ್ರಕ್ಕೆ ಊರು ಒಡೆಯುವುದಿಲ್ಲ. ತಾಯಂದಿರು ಸ್ವತಃ ಬಂದು ಕುಳಿತುಕೊಳ್ಳಲಿ. ಮಗು ಯಾವ ಪಾಠದಲ್ಲಿ ತಡವರಿಸುತ್ತದೆಂಬುದು ಮನೆಯಲ್ಲಿ ಮೊದಲು ತಿಳಿಯುವುದು ಅವರಿಗೇ. ಸಹಿ ಮಾಡುವ ಮೊದಲು ಠರಾವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿರಿ. ಮೊದಲನೆಯ ಸಭೆಯಲ್ಲಿಯೇ ಖಾಲಿ ಇರುವ ಕನ್ನಡ ಶಿಕ್ಷಕರ ಸ್ಥಾನಗಳನ್ನು ವಿಕಾಸ ಯೋಜನೆಯಲ್ಲಿ ಬರೆಯಿಸಿ, ಜಿಲ್ಲಾ ಪರಿಷತ್ತಿಗೆ ಕಳಿಸಿ, ತಲುಪಿದ ಸಹಿಯನ್ನು ಪಡೆದು ಇಟ್ಟುಕೊಳ್ಳಿರಿ. ಮುಂದಿನ ತಿಂಗಳ ಸಭೆಯಲ್ಲಿ “ಉತ್ತರ ಬಂತೇ?” ಎಂದು ಕೇಳಿರಿ. ಬರದಿದ್ದರೆ ಮತ್ತೆ ಬರೆಯಿರಿ.

ಆಳು ಮಾಡಿದ್ದು ಹಾಳು ಎಂದು ನಮ್ಮ ಹಿರಿಯರು ಹೊಲದ ಕೆಲಸಕ್ಕೆ ಹೇಳಿದರು. ಅದು ಶಾಲೆಗೂ ಸಲ್ಲುತ್ತದೆ. ನಮ್ಮ ಮಕ್ಕಳ ನುಡಿಯನ್ನು ಮುಖಂಡರ ಮೇಲೆ, ಮಾಸ್ತರರ ಮೇಲೆ, ವಕೀಲರ ಮೇಲೆ ಹೊರಿಸಿ ನಾವು ಕೈಕಟ್ಟಿ ಕೂರಲಾಗದು. ನಿಮ್ಮ ಶಾಲೆಯ ಸಮಿತಿಯ ಅವಧಿ ಎಂದು ಮುಗಿಯುತ್ತದೆಂಬುದನ್ನು ನಾಳೆಯೇ ಶಾಲೆಗೆ ಹೋಗಿ ಕೇಳಿರಿ. ಆ ದಿನ ಹೊಲದ ಕೆಲಸ ಒಂದು ಹೊತ್ತು ನಿಲ್ಲಲಿ. ಗಂಡಹೆಂಡಿರಿಬ್ಬರೂ ಸಭೆಗೆ ಬನ್ನಿರಿ.