ಹತ್ತೋದು ಬಿಟ್ಟು 'ಮೇಲೆ ಹೋಗಿ' ಅಂದ್ರೆ...

ಬ್ಲಾಗ್ ಕಡೆ ತಲೆ ಹಾಕಿ ತುಂಬಾ ದಿನ ಆಗಿತ್ತು. ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಬರೀತಿದ್ದೀನಿ :-)

ಆಫೀಸಲ್ಲಿ ದಾರಿ ತೋರಿಸೋ ಒಂದು ಆ್ಯಪ್‌ಗೆ ಕನ್ನಡ ವಾಕ್ಯ ಬರೆದುಕೊಟ್ಟಿದ್ದೆ. "ಫ್ಲೈಓವರ್ ಹತ್ತಿ", "ಫ್ಲೈಓವರ್ ಇಳಿದು ಎಡಕ್ಕೆ ತಿರುಗಿ". ತಿದ್ದಿದವರು ಅದನ್ನ ಹೊಡೆದುಹಾಕಿ "ಫ್ಲೈಓವರ್ ಮೇಲೆ ಹೋಗಿ", "ಕೆಳಗೆ ಹೋಗಿ" ಅಂತ ಮಾಡಿದ್ರು. ಹತ್ತೋದು, ಇಳಿಯೋದು ಬರೀ ಆಡುಮಾತಂತೆ! ಜೊತೆಗೆ ಉಪದೇಶ ಬೇರೆ: "ಇಂಗ್ಲಿಷಿನಷ್ಟು ಕ್ರಿಯಾಪದ ನಮ್ಮಲ್ಲಿಲ್ಲ, ಎಲ್ಲಾ ಹೋಗು-ಬರು ಅಷ್ಟೇ".

ನಮ್ಮೂರು ಮಾಗಡಿ. ಅಲ್ಲಿ ಸಾವನದುರ್ಗ ಹತ್ತುತ್ತೀವಿ, ಇಳಿಯುತ್ತೀವಿ, ಹಳ್ಳ ದಾಟುತ್ತೀವಿ, ಬೇಲಿ ಸಂದಿಯಲ್ಲಿ ನುಸುಳುತ್ತೀವಿ. ದಾರಿ ಯಾವ ಕಡೆಗೆ ಅನ್ನೋದು ಕ್ರಿಯಾಪದದ ಹೊಟ್ಟೆಯಲ್ಲೇ ಇದೆ. ಹೇಗೆ ಅನ್ನೋದನ್ನ ಮುಂದೆ ಜೋಡಿಸ್ತೀವಿ: ಓಡ್ಕೊಂಡು ಹತ್ತಿದ, ಕುಂಟ್ಕೊಂಡು ಇಳಿದ, ದಡದಡ ಇಳಿದ. ಇಂಗ್ಲಿಷ್ ಉಲ್ಟಾ. ಅಲ್ಲಿ ಓಡೋದು ಕ್ರಿಯಾಪದ, 'ಅಪ್', 'ಡೌನ್' ಅದರ ಬಾಲ. ಲಿಯೊನಾರ್ಡ್ ಟಾಲ್ಮಿ 1985ರಲ್ಲೇ ಈ ಎರಡು ಬಗೆಯನ್ನ ವಿವರಿಸಿದ್ದಾರೆ. ಸ್ಪ್ಯಾನಿಷ್ ಕೂಡ ದಾರಿಯನ್ನ ಕ್ರಿಯಾಪದದಲ್ಲೇ ಇಡುತ್ತೆ. ಅದನ್ನ ಬಡ ಭಾಷೆ ಅಂದವರನ್ನ ನಾನಂತೂ ಕಂಡಿಲ್ಲ.

ಇನ್ನು 'ಬರೀ ಹೋಗು-ಬರು' ವಿಷಯ. ಅಂಗಡಿಗೆ ಕಳಿಸುವಾಗ ಅಮ್ಮ ಹೇಳೋದು "ಬೆಲ್ಲ ತಗಂಬಾ". ತೆಗೆದುಕೊಂಡು ಬಾ ಅನ್ನೋದು ಒಂದೇ ಉಸಿರಿಗೆ ಒಂದೇ ಪದ. ಹಳ್ಳಿಯವರ ಸೋಮಾರಿತನ ಅಂತೀರಾ? ಹಾಗಾದ್ರೆ ಆಂಡಿಸ್ ಬೆಟ್ಟಗಳ ಕೆಚುವಾ ಭಾಷೆ ನೋಡಿ. ಅಲ್ಲಿ 'ಅಪಾ' ಅಂದ್ರೆ ಹೊತ್ತೊಯ್ಯೋದು, 'ಮು' ಪ್ರತ್ಯಯ ಸೇರಿ 'ಅಪಾಮು' ಆದ್ರೆ ಈ ಕಡೆಗೆ ತರೋದು. ಬೊಲಿವಿಯಾದ ಕಾವಿನೆನ್ಯಾದಲ್ಲಿ 'ಹೋಗಿ ಮಾಡು', 'ಬಂದು ಮಾಡು' ಇಂಥವಕ್ಕೆ ಪ್ರತ್ಯಯಗಳ ಸಾಲೇ ಇದೆ. ಭಾಷಾವಿಜ್ಞಾನಿಗಳು ಅದರ ಮೇಲೆ ಪುಸ್ತಕ ಬರೀತಾರೆ. ನಮ್ಮ ಬಳಿ ಪ್ರತ್ಯಯ ಇಲ್ಲ, ಆದ್ರೆ "ಊಟ ಮಾಡ್ಕೊಂಡು ಬಾ" ಅಂತ ಅದೇ ಕೆಲಸ ದಿನಾ ಮಾಡ್ತೀವಿ. ಹೊಸಲು ದಾಟುವಾಗ "ಹೋಗ್ತೀನಿ" ಅಂದ್ರೆ ಅಮ್ಮ ಈಗಲೂ ಬೈತಾರೆ. "ಹೋಗಿ ಬರ್ತೀನಿ" ಅನ್ನಬೇಕು. ವಾಪಸ್ ಬರೋದೂ ಆ ಮಾತಲ್ಲೇ ಇರಬೇಕು.

ಇಷ್ಟೆಲ್ಲಾ ಇಟ್ಕೊಂಡು ನಾವು ಇಂಗ್ಲಿಷಿನ ಬಾಲಕ್ಕೆ ಕನ್ನಡದ ಗಂಟು ಹಾಕ್ತಿದ್ದೀವಿ. ಪತ್ರಿಕೆ ಬರೆಯೋವರಲ್ಲ, ನನ್ನಂಥ ಇಂಜಿನಿಯರುಗಳೇ ಇವತ್ತು ಜನರ ಕಿವಿಗೆ ಬೀಳೋ ಕನ್ನಡ ಬರೀತಿರೋದು. ತಪ್ಪು ನಮ್ಮದೇ.

ಭಾನುವಾರ ಊರಿಗೆ ಹೋದಾಗ ತಿದ್ದಿದ ಆ್ಯಪನ್ನ ಅಪ್ಪನಿಗೆ ಕೇಳಿಸಿದೆ. "ಮೇಲೆ ಹೋಗಿ" ಅಂತು. ಅಪ್ಪ ನನ್ನ ಮುಖ ನೋಡಿ ಅಂದ್ರು: "ಏನ್ಲಾ, ನಿನ್ ಫೋನು ಇಷ್ಟ್ ಬೇಗ ನನ್ನ ಮ್ಯಾಕ್ಕೆ ಕಳಿಸ್ತಾ ಐತಲ್ಲೋ?"

ನಾಳೆ ಆ ಸಾಲನ್ನ ವಾಪಸ್ "ಹತ್ತಿ" ಮಾಡಿಸೋವರೆಗೂ ಬಿಡಲ್ಲ. ನೀವೇನಂತೀರಿ?